ನಿಧಾನವಾಗಿ ಅಳೆಯುವುದರ ಕಷ್ಟ

ಅನಲಾಗ್ ವೋಲ್ಟೇಜನ್ನು ಅಂಕಿಯಾಗಿ ಪರಿವರ್ತಿಸುವ ವಿದ್ಯುತ್ ಮಂಡಲಗಳನ್ನು ನಾವು ಎಡಿಸಿ ಎಂದು ಕರೆಯುತ್ತೇವೆ. ಸೆಕೆಂಡಿಗೆ ನೂರು ಕೋಟಿ ಬಾರಿ ಅಳೆಯುವ ಎಡಿಸಿಗಳನ್ನು ವಿನ್ಯಾಸಗೊಳಿಸುವ ಗೆಳೆಯರು, ಸೆಕೆಂಡಿಗೆ ಐನೂರೇ ಬಾರಿ ಅಳೆಯುವ ನನ್ನ ಕೆಲಸವನ್ನು ಕಂಡು ಇದರಲ್ಲೇನು ಕಷ್ಟವಿದೆ ಎಂದು ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ. ಎರಡು ಅಳತೆಗಳ ನಡುವೆ ನನಗೆ 2 ಮಿಲಿಸೆಕೆಂಡುಗಳ ಬಿಡುವಿರುತ್ತದೆ, ಇಂದಿನ ಟ್ರಾನ್ಸಿಸ್ಟರುಗಳ ವೇಗಕ್ಕೆ ಹೋಲಿಸಿದರೆ ಅದು ಒಂದು ಯುಗ. ಅಷ್ಟು ಬಿಡುವಿದ್ದ ಮೇಲೆ ಎಲ್ಲವೂ ಸುಲಭವಾಗಬೇಕು ಎಂದು ನಾನೂ ನಂಬಿದ್ದೆ, ಆ ನಂಬಿಕೆಯಲ್ಲೇ ಹೃದಯದ ಸಂಕೇತವನ್ನು ಅಳೆಯುವ ಒಂದು ಚಿಪ್ಪನ್ನು ಮಾಡಿದ್ದೆ. ಕೋಣೆಯ ಉಷ್ಣತೆಯಲ್ಲಿ ಚೆನ್ನಾಗಿಯೇ ನಡೆದ ಆ ಚಿಪ್ಪು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ನನಗೆ ಕಲಿಸಿದ ಪಾಠವನ್ನು, ಅದಕ್ಕೆ ಬೇಕಾದ ಹಿನ್ನೆಲೆಯ ಜೊತೆಗೆ, ಇಲ್ಲಿ ಬರೆದಿಡುತ್ತಿದ್ದೇನೆ.

ದೇಹದ ವಿದ್ಯುತ್ ಸಂಕೇತಗಳು ಗಾತ್ರದಲ್ಲಿ ಕಿರಿದು, ವೇಗದಲ್ಲಿ ಮಂದ. ಎದೆಯ ಮೇಲಿನ ಎಲೆಕ್ಟ್ರೋಡುಗಳಿಗೆ ಸಿಗುವ ಇಸಿಜಿಯ ಅತಿ ಎತ್ತರದ ಅಲೆ ಸಾಮಾನ್ಯವಾಗಿ 1 ಮಿಲಿವೋಲ್ಟಿನ ಆಸುಪಾಸಿನಲ್ಲಿರುತ್ತದೆ, ರೋಗನಿರ್ಣಯಕ್ಕೆ ಬೇಕಾದ ಇಸಿಜಿಯ ಆವರ್ತನಗಳು 0.05 ಹರ್ಟ್ಸ್‌ನಿಂದ 150 ಹರ್ಟ್ಸ್‌ವರೆಗೆ ಹರಡಿರುತ್ತವೆ. ನೆತ್ತಿಯ ಚರ್ಮದ ಮೇಲಿಂದ ಹಿಡಿಯುವ ಮೆದುಳಿನ ಸಂಕೇತ, ಇಇಜಿ, ಇನ್ನೂ ಸಣ್ಣದು, 10ರಿಂದ 100 ಮೈಕ್ರೋವೋಲ್ಟ್. ಸ್ನಾಯುಗಳ ಇಎಂಜಿ ಸುಮಾರು 500 ಹರ್ಟ್ಸ್‌ವರೆಗೆ ಹೋಗುತ್ತದೆ. ಮೆದುಳಿನೊಳಗೆ ಎಲೆಕ್ಟ್ರೋಡ್ ಇಳಿಸಿ ಒಂದೊಂದು ನರಕೋಶದ ಮಿಡಿತವನ್ನು ಹಿಡಿಯುವವರಿಗೆ ಮಾತ್ರ ಕೆಲವು ಸಾವಿರ ಹರ್ಟ್ಸ್ ಬೇಕಾಗುತ್ತದೆ, ಅವರ ಲೋಕವೇ ಬೇರೆ.

ಈ ಪುಟ್ಟ ಸಂಕೇತ ಒಂಟಿಯಾಗಿ ಬರುವುದಿಲ್ಲ ಎನ್ನುವುದೇ ತೊಡಕು. ಚರ್ಮಕ್ಕೂ ಲೋಹಕ್ಕೂ ನಡುವೆ, ಅಂಟಿಸಿದ ಜೆಲ್‌ನಲ್ಲಿ, ಸಣ್ಣದೊಂದು ಬ್ಯಾಟರಿಯೇ ಹುಟ್ಟಿಕೊಳ್ಳುತ್ತದೆ. ಎರಡು ಎಲೆಕ್ಟ್ರೋಡುಗಳು ಎಂದೂ ಒಂದೇ ರೀತಿ ವರ್ತಿಸುವುದಿಲ್ಲವಾದ್ದರಿಂದ ಅವುಗಳ ನಡುವೆ ಸ್ಥಿರ ವೋಲ್ಟೇಜಿನ ವ್ಯತ್ಯಾಸ ಉಳಿಯುತ್ತದೆ, ಇಸಿಜಿ ಉಪಕರಣಗಳ ಮಾನದಂಡಗಳು ಈ ವ್ಯತ್ಯಾಸ 300 ಮಿಲಿವೋಲ್ಟಿನಷ್ಟಿದ್ದರೂ ಉಪಕರಣ ಸರಿಯಾಗಿ ಕೆಲಸ ಮಾಡಬೇಕೆಂದು ಕೇಳುತ್ತವೆ. ಅಂದರೆ ಅಳೆಯಬೇಕಾದದ್ದಕ್ಕಿಂತ ಮುನ್ನೂರು ಪಟ್ಟು ದೊಡ್ಡದಾದ, ಅಳೆಯಬೇಕಿಲ್ಲದ ವಸ್ತುವೊಂದು ಬಾಗಿಲಲ್ಲೇ ನಿಂತಿರುತ್ತದೆ. ಅದರ ಮೇಲೆ ಗೋಡೆಯ ವೈರುಗಳಿಂದ ದೇಹಕ್ಕೆ ಹತ್ತಿಕೊಳ್ಳುವ 50 ಅಥವಾ 60 ಹರ್ಟ್ಸ್‌ನ ಗುಂಯ್‌ಗುಡುವಿಕೆ, ಉಸಿರಾಟಕ್ಕೆ ತಕ್ಕಂತೆ ಏರಿಳಿಯುವ ತಳರೇಖೆ, ಮೈ ಅಲುಗಿದಾಗಿನ ಜಿಗಿತಗಳು ಎಲ್ಲವೂ ಸೇರಿಕೊಳ್ಳುತ್ತವೆ.

ಇದನ್ನು ಎದುರಿಸಲು ಎರಡು ದಾರಿಗಳಿವೆ. ಮೊದಲನೆಯದು ಆ 300 ಮಿಲಿವೋಲ್ಟನ್ನೂ ಸಂಕೇತದ ಜೊತೆಗೇ ಅಂಕಿಯಾಗಿಸಿ, ಆಮೇಲೆ ಲೆಕ್ಕದಲ್ಲಿ ಕಳೆದುಬಿಡುವುದು. ಮೈನಸ್ 300ರಿಂದ ಪ್ಲಸ್ 300 ಮಿಲಿವೋಲ್ಟ್‌ವರೆಗಿನ ಹರವನ್ನು ಒಂದೊಂದು ಮೈಕ್ರೋವೋಲ್ಟಿನ ಮೆಟ್ಟಿಲುಗಳಾಗಿ ಒಡೆದರೆ ಆರು ಲಕ್ಷ ಮೆಟ್ಟಿಲುಗಳಾಗುತ್ತವೆ, ಒಂದೊಂದು ಬಿಟ್ ಸೇರಿದಾಗಲೂ ಮೆಟ್ಟಿಲುಗಳು ಇಮ್ಮಡಿಯಾಗುವುದರಿಂದ ಅದಕ್ಕೆ 20 ಬಿಟ್‌ಗಳ ಎಡಿಸಿ ಬೇಕು. ಒರಟಾಗಿ ಆದರೆ ಅತಿ ವೇಗವಾಗಿ ಹಲವು ಬಾರಿ ಅಳೆದು, ಸರಾಸರಿಯಿಂದ ನಿಖರತೆ ಪಡೆಯುವ ಡೆಲ್ಟಾ ಸಿಗ್ಮಾ ವಿಧಾನ ಇದಕ್ಕೆಂದೇ ಹೇಳಿಮಾಡಿಸಿದಂತಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್1298 ಎಂಬ ಎಂಟು ಚಾನೆಲ್ಲುಗಳ, 24 ಬಿಟ್‌ಗಳ ಚಿಪ್ಪು ಈ ಬಗೆಯದು, ಪ್ರತಿ ಚಾನೆಲ್ಲಿಗೆ ಅದು ಸುಮಾರು 0.75 ಮಿಲಿವ್ಯಾಟ್ ಬಳಸುತ್ತದೆ. ಆಸ್ಪತ್ರೆಯ ಹಾಸಿಗೆಯ ಪಕ್ಕದ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಆಯ್ಕೆ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಎರಡನೆಯ ದಾರಿಯಲ್ಲಿ ಸ್ಥಿರ ವೋಲ್ಟೇಜನ್ನು ಮೊದಲೇ ಕೆಪ್ಯಾಸಿಟರಿನಿಂದ ತಡೆದು, ಉಳಿದ ಸಂಕೇತವನ್ನು ನೂರು ಪಟ್ಟು ಹಿಗ್ಗಿಸಿ, 12 ಬಿಟ್‌ಗಳ ಸಾದಾ ಎಡಿಸಿಗೆ ಕೊಡಲಾಗುತ್ತದೆ. 1 ವೋಲ್ಟಿನ ಹರವುಳ್ಳ 12 ಬಿಟ್ ಎಡಿಸಿಯಲ್ಲಿ ಒಂದು ಮೆಟ್ಟಿಲು 244 ಮೈಕ್ರೋವೋಲ್ಟ್, ನೂರರಿಂದ ಭಾಗಿಸಿದರೆ ಎದೆಯ ಮೇಲಿನ ಲೆಕ್ಕದಲ್ಲಿ ಅದು 2.44 ಮೈಕ್ರೋವೋಲ್ಟ್ ಮಾತ್ರ. ಇಸಿಜಿಗೆ ಅದು ಧಾರಾಳವಾಗಿ ಸಾಕು.

ನಾನು ಎರಡನೆಯ ದಾರಿಯವನು. ಕಾರಣ ಬ್ಯಾಟರಿ. ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿಯಲ್ಲಿ 3 ವೋಲ್ಟಿನಲ್ಲಿ ಸುಮಾರು 225 ಮಿಲಿಆಂಪಿಯರ್ ಗಂಟೆ, ಅಂದರೆ 2,400 ಜೂಲಿನಷ್ಟು ಶಕ್ತಿ ಇರುತ್ತದೆ. 1 ಮಿಲಿವ್ಯಾಟ್ ಹೀರಿದರೆ ಅದು 28 ದಿನಕ್ಕೆ ಮುಗಿಯುತ್ತದೆ, 10 ಮೈಕ್ರೋವ್ಯಾಟ್ ಹೀರಿದರೆ ಕಾಗದದ ಲೆಕ್ಕದಲ್ಲಿ ಏಳು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಎದೆಯೊಳಗೆ ಕೂರಿಸುವ ಪೇಸ್‌ಮೇಕರುಗಳಲ್ಲಂತೂ ಬ್ಯಾಟರಿ ಬದಲಿಸುವುದೆಂದರೆ ಇನ್ನೊಂದು ಶಸ್ತ್ರಚಿಕಿತ್ಸೆ, ಅಲ್ಲಿ ಇಡೀ ಯಂತ್ರವೇ ಹತ್ತಾರು ಮೈಕ್ರೋವ್ಯಾಟುಗಳಲ್ಲಿ ಸಂಸಾರ ಸಾಗಿಸಬೇಕು.

ಇನ್ನು ಎಡಿಸಿಯ ಒಳಗೆ ಹೋಗೋಣ. ಈ ವೇಗಕ್ಕೂ ಈ ಮಿತವ್ಯಯಕ್ಕೂ ಹೊಂದುವುದು ಸಕ್ಸೆಸಿವ್ ಅಪ್ರಾಕ್ಸಿಮೇಶನ್ ಎಂಬ ವಿಧಾನ. ನಮ್ಮ ವಲಯದಲ್ಲಿ ಇದನ್ನು ಚಿಕ್ಕದಾಗಿ 'ಸಾರ್' ಎನ್ನುತ್ತಾರೆ, ಕನ್ನಡದ ಕಿವಿಗೆ ಅದು ಮೇಲಧಿಕಾರಿಯನ್ನು ಕರೆದಂತೆ ಕೇಳಿಸಿದರೆ ನಾನು ಹೊಣೆಯಲ್ಲ. ಕೆಲಸವೆಲ್ಲ ತಕ್ಕಡಿಯದು. ಒಂದು ತಟ್ಟೆಯಲ್ಲಿ ಅಳೆಯಬೇಕಾದ ವೋಲ್ಟೇಜು, ಇನ್ನೊಂದರಲ್ಲಿ ಒಂದಕ್ಕಿಂತ ಒಂದು ಅರ್ಧದಷ್ಟಿರುವ ತೂಕದ ಕಲ್ಲುಗಳು. ಅತಿ ದೊಡ್ಡ ಕಲ್ಲನ್ನು ಮೊದಲು ಇಟ್ಟು ನೋಡುವುದು, ಅದು ಹೆಚ್ಚಾದರೆ ತೆಗೆಯುವುದು, ಕಡಿಮೆಯಾದರೆ ಬಿಡುವುದು, ಮುಂದಿನ ಕಲ್ಲಿಗೆ ಹೋಗುವುದು. ಹನ್ನೆರಡು ಕಲ್ಲುಗಳಾದ ಮೇಲೆ ಹನ್ನೆರಡು ಬಿಟ್‌ಗಳ ಉತ್ತರ ಸಿಕ್ಕಿರುತ್ತದೆ. ತಕ್ಕಡಿಯ ಮುಳ್ಳಿನ ಕೆಲಸವನ್ನು ಕಂಪ್ಯಾರೇಟರ್ ಮಾಡುತ್ತದೆ, ಕಲ್ಲುಗಳ ಕೆಲಸವನ್ನು ಕೆಪ್ಯಾಸಿಟರುಗಳು ಮಾಡುತ್ತವೆ. 1975ರಲ್ಲಿ ಬರ್ಕ್ಲಿಯ ಮೆಕ್ರಿಯರಿ ಮತ್ತು ಗ್ರೇ ಅವರು ತೋರಿಸಿಕೊಟ್ಟ ಸೊಗಸು ಏನೆಂದರೆ, ಅಳೆಯಬೇಕಾದ ವೋಲ್ಟೇಜನ್ನು ಹಿಡಿದಿಟ್ಟುಕೊಳ್ಳುವುದೂ ಅದೇ ಕೆಪ್ಯಾಸಿಟರುಗಳೇ. ಸ್ವಿಚ್ ತೆರೆದ ಕ್ಷಣದಲ್ಲಿ ಸಿಕ್ಕಿಬಿದ್ದ ಚಾರ್ಜನ್ನು ಕೆಪ್ಯಾಸಿಟರುಗಳ ನಡುವೆ ಮರುಹಂಚುತ್ತಾ ಹೋಗುವುದೇ ಅಳತೆ. ನಿರಂತರವಾಗಿ ವಿದ್ಯುತ್ ಹೀರುವ ಆಂಪ್ಲಿಫೈಯರ್ ಇದರಲ್ಲಿ ಒಂದೂ ಇಲ್ಲ, ಸ್ವಿಚ್ಚುಗಳು ಬದಲಾದಾಗ ಮಾತ್ರ ಶಕ್ತಿ ಖರ್ಚಾಗುತ್ತದೆ.

ಕೆಪ್ಯಾಸಿಟರನ್ನು ಎಷ್ಟು ಸಣ್ಣದು ಮಾಡಬಹುದು ಎನ್ನುವುದಕ್ಕೆ ಪ್ರಕೃತಿಯೇ ಒಂದು ಗೆರೆ ಎಳೆದಿದೆ. ಯಾವುದೇ ಕೆಪ್ಯಾಸಿಟರಿನ ಮೇಲೆ ಸ್ವಿಚ್ ಮೂಲಕ ವೋಲ್ಟೇಜು ಹಿಡಿದಾಗ ಉಷ್ಣದ ಕಂಪನದಿಂದ ಸ್ವಲ್ಪ ನಾಯ್ಸ್, ಅಂದರೆ ಗೊತ್ತುಗುರಿಯಿಲ್ಲದ ಏರಿಳಿತ, ಕೂಡ ಸಿಕ್ಕಿಕೊಳ್ಳುತ್ತದೆ. 1 ಪಿಕೋಫ್ಯಾರಡ್‌ಗೆ ಅದು 64 ಮೈಕ್ರೋವೋಲ್ಟ್. 12 ಬಿಟ್‌ಗಳ ಮೆಟ್ಟಿಲುಗಳಿಂದ ಬರುವ ನಾಯ್ಸ್ 70 ಮೈಕ್ರೋವೋಲ್ಟ್ ಆದ್ದರಿಂದ ಒಂದು ಪಿಕೋಫ್ಯಾರಡ್ಡಿಗಿಂತ ಕೆಳಗಿಳಿಯುವುದು ಬುದ್ಧಿವಂತಿಕೆಯಲ್ಲ. ನಾನು 1 ಫೆಮ್ಟೋಫ್ಯಾರಡ್‌ನ 4,096 ತುಣುಕುಗಳನ್ನು ಜೋಡಿಸಿ ಸುಮಾರು 4 ಪಿಕೋಫ್ಯಾರಡ್ ಇಟ್ಟುಕೊಂಡೆ.

ಆಗ ನನ್ನನ್ನು ಆವರಿಸಿದ್ದು ಸ್ವಿಚಿಂಗ್ ಶಕ್ತಿಯ ವ್ಯಾಮೋಹ. ಮೆಕ್ರಿಯರಿ ಮತ್ತು ಗ್ರೇ ಅವರ ಹಳೆಯ ವಿಧಾನದಲ್ಲಿ ಒಂದು ಕಲ್ಲನ್ನು ಇಟ್ಟು, ಹೆಚ್ಚಾಯಿತೆಂದು ತೆಗೆದಾಗ, ಹಾಕಿದ ಚಾರ್ಜು ವ್ಯರ್ಥವಾಗುತ್ತದೆ. ಇದನ್ನು ತಪ್ಪಿಸಲು ಹತ್ತಾರು ಬಗೆಯ ಜಾಣ ಕ್ರಮಗಳು ಬಂದಿವೆ. 2010ರಲ್ಲಿ ತೈವಾನಿನಿಂದ ಪ್ರಕಟವಾದ ಮಾನೋಟಾನಿಕ್ ಸ್ವಿಚಿಂಗ್ ಎಂಬ ಕ್ರಮ ಈ ಶಕ್ತಿಯನ್ನು ಶೇಕಡಾ 81ರಷ್ಟು ಇಳಿಸುತ್ತದೆ. 81 ಎಂಬ ಅಂಕಿ ಕಂಡು ನಾನು ಮರುಳಾದೆ, ಚಿಪ್ಪಿನ ನಕ್ಷೆಯಾದ ಲೇಔಟ್‌ನಲ್ಲಿ ವಾರಗಟ್ಟಲೆ ಕಳೆದೆ. ಎಷ್ಟರಲ್ಲಿ ಶೇಕಡಾ 81 ಎಂದು ಲೆಕ್ಕ ಹಾಕಿದ್ದು ಆಮೇಲೆ. 10 ಬಿಟ್‌ಗಳ ಎಡಿಸಿಯಲ್ಲಿ, 1 ಫೆಮ್ಟೋಫ್ಯಾರಡ್ ತುಣುಕುಗಳಿದ್ದು 1 ವೋಲ್ಟಿನಲ್ಲಿ ನಡೆದರೆ, ಹಳೆಯ ವಿಧಾನ ಒಂದು ಅಳತೆಗೆ ಸರಾಸರಿ 1.36 ಪಿಕೋಜೂಲ್ ಬಳಸುತ್ತದೆ. ಸೆಕೆಂಡಿಗೆ ಹತ್ತು ಕೋಟಿ ಅಳತೆಗಳಾದರೆ ಅದು 136 ಮೈಕ್ರೋವ್ಯಾಟ್, ಉಳಿಸಲು ಯೋಗ್ಯವಾದ ಮೊತ್ತ. ನನ್ನ ಐನೂರು ಅಳತೆಗಳಿಗೆ ಅದು 0.7 ನ್ಯಾನೋವ್ಯಾಟ್. 12 ಬಿಟ್‌ಗಳಿಗೆ ಏರಿಸಿದರೂ ಮೂರು ನ್ಯಾನೋವ್ಯಾಟ್ ದಾಟುವುದಿಲ್ಲ. ಪಕ್ಕದಲ್ಲೇ, ಅಳತೆಗೋಲಾದ 1 ವೋಲ್ಟಿನ ರೆಫರೆನ್ಸನ್ನು ಕುಗ್ಗದಂತೆ ಎಡಿಸಿಗೆ ಒದಗಿಸುವ ಬಫರ್ ಎಂಬ ಆಂಪ್ಲಿಫೈಯರ್ ಮೂರು ಮೈಕ್ರೋವ್ಯಾಟ್ ಹೀರುತ್ತಾ ಕೂತಿತ್ತು. ಆನೆ ಹೋಗುವ ಬಾಗಿಲನ್ನು ತೆರೆದಿಟ್ಟು ಇರುವೆಯ ಕಿಂಡಿಗೆ ಮೇಣ ಮೆತ್ತುವವನ ಕೆಲಸ ನನ್ನದಾಗಿತ್ತು.

ವ್ಯಾಮೋಹಕ್ಕೆ ಬೆಲೆಯನ್ನೂ ತೆತ್ತೆ. ಮಾನೋಟಾನಿಕ್ ಕ್ರಮದಲ್ಲಿ ಕಂಪ್ಯಾರೇಟರಿನ ಎರಡೂ ಇನ್‌ಪುಟ್ಟುಗಳು ಅಳತೆ ಮುಂದುವರಿದಂತೆ ಒಟ್ಟಿಗೆ ನೆಲದತ್ತ ಜಾರುತ್ತವೆ. ಕಂಪ್ಯಾರೇಟರಿನ ಆಫ್‌ಸೆಟ್, ಅಂದರೆ ಅದರ ಸಹಜ ವಾಲಿಕೆ, ಆ ಮಟ್ಟಕ್ಕೆ ತಕ್ಕಂತೆ ಬದಲಾಗುವುದರಿಂದ ಒಂದೊಂದು ಕಲ್ಲಿಗೆ ತಕ್ಕಡಿಯ ಮುಳ್ಳು ಒಂದೊಂದು ರೀತಿ ವಾಲುತ್ತದೆ. ವೇಗದ ಎಡಿಸಿ ಮಾಡುವವರು ಇದನ್ನು ತಿಳಿದೇ ಒಪ್ಪಿಕೊಳ್ಳುತ್ತಾರೆ, ಏಕೆಂದರೆ ಅವರಿಗೆ ಪ್ರತಿಫಲ ದೊಡ್ಡದು. ನನಗೆ ಪ್ರತಿಫಲ ಎರಡು ನ್ಯಾನೋವ್ಯಾಟ್.

ಆದರೆ 65 ಡಿಗ್ರಿಯ ಪಾಠ ಬೇರೆಯದೇ. ಚಿಪ್ಪು ಬಂದ ದಿನ ಕೋಣೆಯ ಉಷ್ಣತೆಯಲ್ಲಿ ಅಳತೆಗಳು ಸಿಮ್ಯುಲೇಶನ್‌ಗೆ ಹತ್ತಿರವಾಗಿಯೇ ಬಂದವು. ಮೈಗೆ ಅಂಟಿಸಿಕೊಂಡು ಓಡಾಡುವ ಉಪಕರಣ ಬಿಸಿಲಿಗೂ ಬೀಳುತ್ತದೆ, ಬಿಸಿಯಾದ ವಾಹನದೊಳಗೂ ಉಳಿಯುತ್ತದೆ ಎಂದು ಪರೀಕ್ಷಾ ಪೆಟ್ಟಿಗೆಯಲ್ಲಿಟ್ಟು ಬಿಸಿ ಏರಿಸುತ್ತಾ ಹೋದೆ. ನಾಯ್ಸ್ ಹೆಚ್ಚಾಗುತ್ತದೆಂದು ನಿರೀಕ್ಷಿಸಿದ್ದೆ, ಅದು ಹೆಚ್ಚಾಗಲಿಲ್ಲ. ಬದಲಿಗೆ, ಒಂದೇ ಸಮನೆ ನಿಧಾನವಾಗಿ ಏರುವ ರಾಂಪ್ ಸಂಕೇತವನ್ನು ಕೊಟ್ಟು, ಎಡಿಸಿ ಕೊಡುವ ಅಂಕಿಗಳಾದ ಕೋಡುಗಳನ್ನು ಎಣಿಸಿದಾಗ, ನೇರವಾಗಿರಬೇಕಿದ್ದ ಗೆರೆ ಎರಡೂ ತುದಿಗಳಲ್ಲಿ ಬಾಗಿತ್ತು. ತಪ್ಪು ಮೂರು ಮೆಟ್ಟಿಲುಗಳನ್ನು ಮೀರಿತ್ತು. ಪ್ರತಿ ಬಾರಿ ಅಳೆದಾಗಲೂ ಅದೇ ಜಾಗ, ಅದೇ ಬಾಗು.

ನನ್ನ ವಿನ್ಯಾಸದಲ್ಲಿ ಆ 2 ಮಿಲಿಸೆಕೆಂಡುಗಳನ್ನು ನಾನು ಸಮನಾಗಿ ಹಂಚಿದ್ದೆ. ಹದಿನಾಲ್ಕು ಗಡಿಯಾರದ ಬಡಿತಗಳು, ಒಂದೊಂದಕ್ಕೆ 143 ಮೈಕ್ರೋಸೆಕೆಂಡು, ಮೊದಲೆರಡು ಸಂಕೇತವನ್ನು ಹಿಡಿಯಲು, ಉಳಿದ ಹನ್ನೆರಡು ಒಂದೊಂದು ಬಿಟ್ಟಿಗೆ. ಬಿಡುವು ಇದೆಯಲ್ಲ, ಅವಸರವೇಕೆ ಎಂಬುದು ಅಂದಿನ ತರ್ಕ. ಗಡಿಯಾರ ಹೊರಗಿನಿಂದ ಬರುತ್ತಿದ್ದುದರಿಂದ ಒಂದು ಪ್ರಯೋಗಕ್ಕೆ ಅವಕಾಶವಿತ್ತು. ಸೆಕೆಂಡಿಗೆ ಐನೂರು ಸ್ಯಾಂಪಲ್, ಅಂದರೆ ಐನೂರು ಅಳತೆ, ಎಂಬುದನ್ನು ಹಾಗೆಯೇ ಇಟ್ಟು, ಬಿಟ್‌ಗಳನ್ನು ನಿರ್ಧರಿಸುವ ಬಡಿತವನ್ನು ಮಾತ್ರ 7 ಕಿಲೋಹರ್ಟ್ಸ್‌ನಿಂದ 700 ಕಿಲೋಹರ್ಟ್ಸ್‌ಗೆ ಏರಿಸಿದೆ. 65 ಡಿಗ್ರಿಯಲ್ಲೇ, ಅದೇ ಚಿಪ್ಪಿನಲ್ಲಿ, ಬಾಗಿದ ಗೆರೆ ನೇರವಾಯಿತು.

ಸೋರಿಕೆಯೇ ಕಾರಣ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ತೆರೆದ ಸ್ವಿಚ್ ಎಂದರೆ ಪೂರ್ತಿ ಮುಚ್ಚಿದ ನಲ್ಲಿಯಲ್ಲ, ಟ್ರಾನ್ಸಿಸ್ಟರ್ ಆಫ್ ಆಗಿದ್ದರೂ ಅದರ ಮೂಲಕ ಕಿಂಚಿತ್ ಕರೆಂಟ್ ಹರಿಯುತ್ತಿರುತ್ತದೆ. ಕೋಣೆಯ ಉಷ್ಣತೆಯಲ್ಲಿ ನನ್ನ ಸ್ವಿಚ್ಚಿನ ಸೋರಿಕೆ 0.1 ಪಿಕೋಆಂಪಿಯರಿನಷ್ಟು. ಅದು 2 ಮಿಲಿಸೆಕೆಂಡು ಕಾಲ 4 ಪಿಕೋಫ್ಯಾರಡನ್ನು ಬರಿದು ಮಾಡಿದರೆ ವೋಲ್ಟೇಜು 50 ಮೈಕ್ರೋವೋಲ್ಟ್ ಇಳಿಯುತ್ತದೆ, ಮೆಟ್ಟಿಲಿನ ಐದನೇ ಒಂದು ಭಾಗ, ಕಣ್ಣಿಗೆ ಬೀಳುವುದಿಲ್ಲ. ಸೋರಿಕೆ ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ 25ರಿಂದ 65 ಡಿಗ್ರಿಗೆ ಹೋಗುವಷ್ಟರಲ್ಲಿ ಅದು ಹದಿನಾರು ಪಟ್ಟಾಗಿ, ಇಳಿತ 0.8 ಮಿಲಿವೋಲ್ಟ್ ಮುಟ್ಟುತ್ತದೆ. ಎಲ್ಲ ಅಳತೆಗಳಲ್ಲೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅದೊಂದು ಆಫ್‌ಸೆಟ್ ಎಂದು ಕಳೆದುಬಿಡಬಹುದಿತ್ತು. ಆದರೆ ಸೋರಿಕೆಯ ದಿಕ್ಕೂ ಪ್ರಮಾಣವೂ ಸ್ವಿಚ್ಚಿನ ಎರಡೂ ಬದಿಯ ವೋಲ್ಟೇಜನ್ನು ಅವಲಂಬಿಸಿರುತ್ತವೆ, ಆ ಕಡೆ ಹೃದಯದ ಸಂಕೇತ ತನ್ನ ಪಾಡಿಗೆ ತಾನು ಚಲಿಸುತ್ತಿರುತ್ತದೆ. ಜೊತೆಗೆ ತಕ್ಕಡಿಯಲ್ಲಿ ದೊಡ್ಡ ಕಲ್ಲುಗಳನ್ನು ಇಟ್ಟಾಗ ಇದ್ದ ತೂಕ, ಸಣ್ಣ ಕಲ್ಲುಗಳ ಸರದಿ ಬರುವ ಹೊತ್ತಿಗೆ ಇರುವುದಿಲ್ಲ. ತೂಗುತ್ತಿರುವಾಗಲೇ ಚೀಲದಿಂದ ಧಾನ್ಯ ಸೋರುತ್ತಿದ್ದರೆ ಯಾವ ಲೆಕ್ಕವೂ ಕೂಡುವುದಿಲ್ಲ. ದೇಹದೊಳಗೆ ಕೂರುವ ಚಿಪ್ಪು ಮಾಡುವವರನ್ನು ಕಂಡರೆ ಈ ಒಂದು ವಿಷಯದಲ್ಲಿ ನನಗೆ ಅಸೂಯೆ, ಅವರಿಗೆ 37 ಡಿಗ್ರಿಯನ್ನು ದೇಹವೇ ಕಾಯ್ದುಕೊಡುತ್ತದೆ.

ಸೋರಿಕೆ ಅಳತೆಯನ್ನು ಮಾತ್ರವಲ್ಲ, ಬ್ಯಾಟರಿಯನ್ನೂ ತಿನ್ನುತ್ತದೆ. ಸ್ವೀಡನ್ನಿನ ಲಿಂಚೋಪಿಂಗ್ ವಿಶ್ವವಿದ್ಯಾಲಯದವರು 2012ರಲ್ಲಿ, ದೇಹದೊಳಗಿನ ಉಪಕರಣಗಳಿಗೆಂದು, ಸೆಕೆಂಡಿಗೆ ಸಾವಿರ ಸ್ಯಾಂಪಲ್ ತೆಗೆಯುವ ಎಡಿಸಿಯೊಂದನ್ನು ಪ್ರಕಟಿಸಿದರು. ಅದರ ಒಟ್ಟು ಖರ್ಚು 53 ನ್ಯಾನೋವ್ಯಾಟ್, ಅದರಲ್ಲಿ ಕಾಲು ಭಾಗ ಬರೀ ಸೋರಿಕೆಯದು. ಇದನ್ನು 2008ರಲ್ಲಿ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಿಂದ ಬಂದ, ಸೆಕೆಂಡಿಗೆ ಹತ್ತು ಲಕ್ಷ ಸ್ಯಾಂಪಲ್ಲಿನ, 1.9 ಮೈಕ್ರೋವ್ಯಾಟ್‌ನ ಎಡಿಸಿಯ ಪಕ್ಕದಲ್ಲಿಟ್ಟು ನೋಡಿ. ನಮ್ಮವರು ಎಡಿಸಿಗಳನ್ನು ಹೋಲಿಸಲು ಬಳಸುವ ಫಿಗರ್ ಆಫ್ ಮೆರಿಟ್ ಎಂಬ ಅಂಕಿ, ಒಂದು ಮೆಟ್ಟಿಲನ್ನು ಗುರುತಿಸಲು ತಗಲುವ ಶಕ್ತಿಯನ್ನು ಹೇಳುತ್ತದೆ. ಟ್ವೆಂಟೆಯದು 4.4 ಫೆಮ್ಟೋಜೂಲ್, ಲಿಂಚೋಪಿಂಗ್‌ನದು 94.5. ಅಂಕಪಟ್ಟಿ ನೋಡಿದರೆ ಎರಡನೆಯದು ಇಪ್ಪತ್ತು ಪಟ್ಟು ಹಿಂದೆ. ಆದರೆ ಮೊದಲನೆಯದನ್ನು ಸೆಕೆಂಡಿಗೆ ಸಾವಿರ ಸ್ಯಾಂಪಲ್ಲಿಗೆ ಇಳಿಸಿದರೆ ಅದರ ಖರ್ಚು ಸಾವಿರ ಪಟ್ಟು ಇಳಿದು ಎರಡು ನ್ಯಾನೋವ್ಯಾಟ್‌ಗೆ ಬಂದು ನಿಲ್ಲುತ್ತದೆಂದು ಯಾರೂ ಭರವಸೆ ಕೊಡಲಾರರು, ಕೆಲಸ ಕಡಿಮೆಯಾದರೂ ಸೋರಿಕೆ ಕಡಿಮೆಯಾಗುವುದಿಲ್ಲ. ಮಂದ ಸಂಕೇತಗಳ ಎಡಿಸಿಯನ್ನು ಈ ಅಂಕಿಯಿಂದ ಅಳೆಯುವುದು ಕಾವಲುಗಾರನ ಸಂಬಳವನ್ನು ಅವನು ಹಿಡಿದ ಕಳ್ಳರ ಸಂಖ್ಯೆಯಿಂದ ಭಾಗಿಸಿದಂತೆ. ವಿಮರ್ಶಕರು ಪ್ರತಿ ಬಾರಿಯೂ ಈ ಅಂಕಿಯನ್ನೇ ಮೊದಲು ಕೇಳುತ್ತಾರೆ ಎಂಬುದು ನನ್ನ ಹಳೆಯ ದೂರು.

ಎರಡನೆಯ ಚಿಪ್ಪಿನಲ್ಲಿ ನಾನು ಮಾಡಿದ್ದು ಮೂರು ಬದಲಾವಣೆ, ಮೂರೂ ಒಂದೇ ಯೋಚನೆಯ ಕವಲುಗಳು. ಗಡಿಯಾರವನ್ನು ಬಿಟ್ಟು, ಕಂಪ್ಯಾರೇಟರ್ ಒಂದು ತೀರ್ಮಾನ ಮುಗಿಸಿದ ಕೂಡಲೇ ಮುಂದಿನದನ್ನು ತಾನೇ ಆರಂಭಿಸುವ ಅಸಿಂಕ್ರೋನಸ್ ಕ್ರಮಕ್ಕೆ ಹೋದೆ. ವೇಗದ ಎಡಿಸಿಗಳಲ್ಲಿ ವೇಗಕ್ಕೆಂದು ಬಳಸುವ ಈ ತಂತ್ರವನ್ನು ನಾನು ಬಳಸಿದ್ದು ಸೋರಿಕೆಗೆ ಸಮಯ ಕೊಡದಿರಲು. ಹನ್ನೆರಡು ಬಿಟ್‌ಗಳೂ ಸುಮಾರು 20 ಮೈಕ್ರೋಸೆಕೆಂಡುಗಳಲ್ಲಿ ಮುಗಿಯುತ್ತವೆ, 2 ಮಿಲಿಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಇಳಿತವೂ ನೂರನೇ ಒಂದು ಭಾಗವಾಯಿತು. ಹಿಡಿಯುವ ಸ್ವಿಚ್ಚನ್ನು ಎರಡು ಉದ್ದನೆಯ ಟ್ರಾನ್ಸಿಸ್ಟರುಗಳ ಸರಣಿಯಾಗಿ ಮಾಡಿದೆ, ಸ್ವಿಚಿಂಗ್ ಕ್ರಮವನ್ನು ಕಂಪ್ಯಾರೇಟರಿನ ಇನ್‌ಪುಟ್ ಮಟ್ಟ ಕದಲದಂಥದ್ದಕ್ಕೆ ಬದಲಿಸಿ ಉಳಿದ ನ್ಯಾನೋವ್ಯಾಟುಗಳನ್ನು ಮರೆತೆ.

ರೆಫರೆನ್ಸ್ ಬಫರಿನ ಕಥೆ ಇನ್ನೂ ಸರಳ. ಪ್ರತಿ ಬಿಟ್ಟಿನಲ್ಲೂ ರೆಫರೆನ್ಸ್ ಚಟಕ್ಕನೆ ಚೇತರಿಸಿಕೊಳ್ಳಬೇಕೆಂಬ ಹಠದಿಂದಲೇ ಅದಕ್ಕೆ ಮೈಕ್ರೋವ್ಯಾಟುಗಳು ಬೇಕಾಗಿದ್ದವು. ಆದರೆ ಒಂದು ಅಳತೆಗೆ ರೆಫರೆನ್ಸಿನಿಂದ ಎಳೆಯುವ ಚಾರ್ಜು 5 ಪಿಕೋಕೂಲಂಬಿನಷ್ಟು ಮಾತ್ರ. ಚಿಪ್ಪಿನ ಹೊರಗೆ 1 ಮೈಕ್ರೋಫ್ಯಾರಡಿನ ಸಾಮಾನ್ಯ ಕೆಪ್ಯಾಸಿಟರನ್ನಿಟ್ಟರೆ ಆ ಚಾರ್ಜಿನಿಂದ ಅದರ ವೋಲ್ಟೇಜು ಕುಗ್ಗುವುದು 5 ಮೈಕ್ರೋವೋಲ್ಟ್, ಒಂದು ಮೆಟ್ಟಿಲಿನ ಸುಮಾರು ಐವತ್ತನೇ ಒಂದು ಭಾಗ ಮಾತ್ರ. ತುಂಬಿಕೊಳ್ಳಲು ಮುಂದಿನ ಅಳತೆಯವರೆಗೆ ಸಮಯವಿದೆ, ಬೇಕಾಗುವ ಸರಾಸರಿ ಕರೆಂಟ್ 2.5 ನ್ಯಾನೋಆಂಪಿಯರ್. ಬಫರನ್ನು ತೆಗೆದು, ಅತಿ ಮಂದವಾದ ರೆಫರೆನ್ಸ್ ಮಂಡಲವನ್ನು ನೇರವಾಗಿ ಆ ಕೆಪ್ಯಾಸಿಟರಿಗೆ ಕಟ್ಟಿದೆ. ಸರ್ಕಿಟ್ ಬೋರ್ಡಿನ ಮೇಲೆ ಒಂದು ಬಿಡಿಭಾಗ ಹೆಚ್ಚಾಯಿತೆಂದು ಒಬ್ಬ ಸಹೋದ್ಯೋಗಿ ಗೊಣಗಿದರು. ಅಂಟಿಸುವ ಉಪಕರಣದಲ್ಲಿ ಜಾಗಕ್ಕೆ ಬೆಲೆಯಿದೆ, ಅವರ ಗೊಣಗಾಟದಲ್ಲಿ ನ್ಯಾಯವಿತ್ತು.

ಬಿಟ್‌ಗಳ ಕೆಲಸ 20 ಮೈಕ್ರೋಸೆಕೆಂಡಿನಲ್ಲಿ ಮುಗಿದದ್ದರಿಂದ ಸಿಕ್ಕ ದೊಡ್ಡ ಲಾಭ ನಾನು ಎಣಿಸದೇ ಇದ್ದದ್ದು. ಎಡಿಸಿಯ ಮುಂದಿರುವ ಆಂಪ್ಲಿಫೈಯರ್, ಹಿಡಿಯುವ ಅವಧಿಯೊಳಗೆ 4 ಪಿಕೋಫ್ಯಾರಡನ್ನು ಅರ್ಧ ಮೆಟ್ಟಿಲಿನ ನಿಖರತೆಗೆ ತಂದು ನಿಲ್ಲಿಸಬೇಕು, 12 ಬಿಟ್‌ಗಳಿಗೆ ಅದಕ್ಕೆ ಒಂಬತ್ತು ಟೈಮ್ ಕಾನ್‌ಸ್ಟಂಟುಗಳು (ವೋಲ್ಟೇಜು ಎಷ್ಟು ಬೇಗ ಗುರಿಯತ್ತ ಸಾಗುತ್ತದೆಂಬುದರ ಕಾಲಮಾನ) ಬೇಕು. ಮೊದಲ ಚಿಪ್ಪಿನಲ್ಲಿ ಹಿಡಿಯಲು ಸಿಗುತ್ತಿದ್ದದ್ದು ಎರಡೇ ಬಡಿತ, 286 ಮೈಕ್ರೋಸೆಕೆಂಡು, ಅದಕ್ಕಾಗಿ ಆಂಪ್ಲಿಫೈಯರಿನ ಬ್ಯಾಂಡ್‌ವಿಡ್ತ್, ಅಂದರೆ ಅದು ದಾಟಿಸಬಲ್ಲ ಆವರ್ತನಗಳ ಹರವು, 5 ಕಿಲೋಹರ್ಟ್ಸ್ ಇರಬೇಕಾಗಿತ್ತು. 150 ಹರ್ಟ್ಸ್‌ನ ಇಸಿಜಿಗೆ 5 ಕಿಲೋಹರ್ಟ್ಸ್! ಆ ಅಗಲಕ್ಕೆ ಕರೆಂಟೂ ಬೇಕು, ಅಷ್ಟಗಲದ ನಾಯ್ಸ್ ಎಲ್ಲ ಸ್ಯಾಂಪಲ್ ಮಾಡುವಾಗ ಮಡಚಿಕೊಂಡು 250 ಹರ್ಟ್ಸ್‌ನೊಳಗೇ ಬಂದು ಬೀಳುತ್ತದೆ. ಈಗ ಹಿಡಿಯುವುದಕ್ಕೆ ಹೆಚ್ಚುಕಡಿಮೆ ಪೂರ್ತಿ 2 ಮಿಲಿಸೆಕೆಂಡು ಸಿಗುವುದರಿಂದ 700 ಹರ್ಟ್ಸ್ ಸಾಕಾಯಿತು. ಎಡಿಸಿಗೆಂದೇ ಇಟ್ಟಿದ್ದ ಡ್ರೈವರ್ ಬಫರನ್ನು ಕಿತ್ತುಹಾಕಿ ಸಂಕೇತವನ್ನು ನೂರು ಪಟ್ಟು ಹಿಗ್ಗಿಸುವ ಆಂಪ್ಲಿಫೈಯರಿಗೇ ಆ ಕೆಲಸ ಒಪ್ಪಿಸಿದೆ.

ಸೆಕೆಂಡಿಗೆ ಇಂತಿಷ್ಟೆಂದು ಅಳೆಯುವುದನ್ನೇ ಬಿಟ್ಟು, ಸಂಕೇತ ಒಂದು ಗೆರೆ ದಾಟಿದಾಗ ಮಾತ್ರ ಎಚ್ಚರಗೊಳ್ಳುವ ಲೆವೆಲ್ ಕ್ರಾಸಿಂಗ್ ಎಡಿಸಿಗಳ ಬಗ್ಗೆ ಹಲವರು ಕೇಳಿದ್ದಾರೆ. ಹೃದಯದ ಒಂದು ಬಡಿತದಲ್ಲಿ ಚುರುಕಾದ ಭಾಗ ಇರುವುದು 100 ಮಿಲಿಸೆಕೆಂಡಿನೊಳಗೆ, ಉಳಿದದ್ದೆಲ್ಲ ಬಹುಪಾಲು ಮೌನ ಎಂಬುದು ನಿಜವಾದ್ದರಿಂದ ಆಲೋಚನೆ ಆಕರ್ಷಕವಾಗಿದೆ. ಆದರೆ ಮಲಗಿರುವ ಮನುಷ್ಯನಲ್ಲಿ ಮೌನವಾಗಿರುವ ತಳರೇಖೆ ಮೆಟ್ಟಿಲು ಹತ್ತುವವನಲ್ಲಿ ಮೌನವಾಗಿರುವುದಿಲ್ಲ, ಆಗ ಗೆರೆ ದಾಟುವಿಕೆಗಳ ಸುರಿಮಳೆಯಾಗುತ್ತದೆ. ಖರ್ಚು ಎಷ್ಟೆಂದು ಮೊದಲೇ ಹೇಳಲಾಗದ ಉಪಕರಣವನ್ನು ಬ್ಯಾಟರಿಯ ಮೇಲೆ ನಡೆಸುವುದಕ್ಕೆ ನನ್ನ ಮನಸ್ಸು ಒಪ್ಪಿಲ್ಲ.

ಎರಡನೆಯ ಚಿಪ್ಪು ಬಂದ ವಾರ ಅದನ್ನೂ ಅದೇ ಪರೀಕ್ಷಾ ಪೆಟ್ಟಿಗೆಯಲ್ಲಿಟ್ಟೆ. 65 ಡಿಗ್ರಿಯಲ್ಲಿ ರಾಂಪ್‌ನ ಗೆರೆ ನೇರವಾಗಿತ್ತು, ತುದಿಗಳಲ್ಲಿ ಬಾಗಿರಲಿಲ್ಲ. ಇನ್‌ಪುಟ್ಟುಗಳನ್ನು ಒಂದಕ್ಕೊಂದು ಸೇರಿಸಿ, ಯಾವ ಆವರ್ತನದಲ್ಲಿ ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ತೆಗೆದಾಗ ಮಾತ್ರ 50 ಹರ್ಟ್ಸ್‌ನಲ್ಲಿ ಒಂದು ಕಡ್ಡಿ ಎದ್ದು ನಿಂತಿತ್ತು, ಅರ್ಧ ದಿನ ಚಿಪ್ಪಿನೊಳಗೆಲ್ಲ ಅದರ ಮೂಲವನ್ನು ಹುಡುಕಿದೆ. ಸಂಜೆಗೆ ಪೆಟ್ಟಿಗೆಯ ಹೀಟರನ್ನು ಆರಿಸಿ, ಅದು ತಣ್ಣಗಾಗುವ ಮೊದಲೇ ಇನ್ನೊಂದು ಅಳತೆ ತೆಗೆದಾಗ ಆ ಕಡ್ಡಿ ಕಾಣಲಿಲ್ಲ.